ಚಾರ್ಟಿನ ಆನೆ, ಅಂಗಳದ ಬುಟ್ಟಿ

ಮಕ್ಕಳಿಗೆಂದು ಗೋಡೆಗೆ ಅಂಟಿಸುವ ಬಣ್ಣದ ಚಾರ್ಟುಗಳಲ್ಲಿ ಆನೆಯ ಪಕ್ಕ ಇರುವೆ ಇರುತ್ತದೆ. ಆನೆಯ ಕೆಳಗೆ ‘ದೊಡ್ಡದು’, ಇರುವೆಯ ಕೆಳಗೆ ‘ಚಿಕ್ಕದು’ ಎಂದು ಬರೆದಿರುತ್ತದೆ. ಕಲಿಕೆ ನಿಧಾನವಾಗಿರುವ, ಮಾತು ಸರಿಯಾಗಿ ಬಾರದ ಮಗುವನ್ನು ದಿನವೂ ಅದರ ಮುಂದೆ ಕೂರಿಸಿ ‘ದೊಡ್ಡದು ಯಾವುದು?’ ಎಂದು ಕೇಳುತ್ತ ಹೋದರೆ ಕೆಲವು ತಿಂಗಳಲ್ಲಿ ಅದು ತಪ್ಪದೆ ಆನೆಯ ಮೇಲೆ ಬೆರಳಿಡುತ್ತದೆ. ಮನೆಯವರಿಗೆ ಸಂತೋಷವಾಗುತ್ತದೆ. ಆದರೆ ಅಂಗಳದಲ್ಲಿ ಎರಡು ಬುಟ್ಟಿ ಇಟ್ಟು ‘ದೊಡ್ಡ ಬುಟ್ಟಿ ತಗೊಂಡು ಬಾ’ ಎಂದಾಗ ಅದೇ ಮಗು ಏನೂ ತೋಚದೆ ನಿಂತುಬಿಡುತ್ತದೆ. ‘ನಿನ್ನೆ ಬರ್ತಿತ್ತು, ಇವತ್ತು ಮರೆತುಹೋಯ್ತು’ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಮಗು ಏನನ್ನೂ ಮರೆತಿಲ್ಲ. ಅದು ಕಲಿತದ್ದು ಹಾಳೆಯ ಮೇಲೆ ಬೆರಳಿಡಬೇಕಾದ ಒಂದು ಜಾಗವನ್ನು, ಗಾತ್ರವನ್ನಲ್ಲ. ಅನೇಕ ಚಾರ್ಟುಗಳಲ್ಲಿ ಆನೆ ಮತ್ತು ಇರುವೆಯ ಚಿತ್ರಗಳು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರುತ್ತವೆ. ಆನೆಯನ್ನು ಕಣ್ಣಾರೆ ಕಾಣದ ಮಗುವಿಗೆ ಅವುಗಳಲ್ಲಿ ದೊಡ್ಡದು ಯಾವುದೆಂದು ತಿಳಿಯುವ ದಾರಿಯೇ ಇಲ್ಲ.

ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಡೌನ್ ಸಿಂಡ್ರೋಮ್ ಹೀಗೆ ತೊಂದರೆಯ ಮೂಲಗಳು ಬೇರೆಬೇರೆ. ಒಂದೇ ಹೆಸರಿನ ತೊಂದರೆಯಿರುವ ಇಬ್ಬರು ಮಕ್ಕಳೂ ಒಂದೇ ಥರ ಇರುವುದಿಲ್ಲ. ಆದರೆ ದೊಡ್ಡದು-ಚಿಕ್ಕದು, ಒಳಗೆ-ಹೊರಗೆ, ಒದ್ದೆ-ಒಣ, ಈಗ-ಆಮೇಲೆ, ನನ್ನದು-ನಿನ್ನದು ಎಂಬ ತಿಳಿವಳಿಕೆಗಳು ಬೇರೆ ಮಕ್ಕಳಿಗೆ ಯಾರೂ ಹೇಳಿಕೊಡದೆ ಬಂದರೆ, ಈ ಮಕ್ಕಳಿಗೆ ಹೇಳಿಕೊಡದೆ ಬರುವುದಿಲ್ಲ. ಎಲ್ಲಿ ಹೇಳಿಕೊಡಬೇಕು, ಯಾರು ಹೇಳಿಕೊಡಬೇಕು ಎಂಬುದು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಬಲು ದೊಡ್ಡ ಪ್ರಶ್ನೆ. ಇಲ್ಲಿ ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಕೇರಿ. ಸಾಗರದಿಂದ ಜಿಲ್ಲಾ ಕೇಂದ್ರವಾದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್. ಶರಾವತಿ ಹಿನ್ನೀರಿನ ಆಚೆಗಿರುವ ತುಮರಿ ಭಾಗದವರು, 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ಸಾಗರ ಪೇಟೆಗೆ ಬರಲು ಲಾಂಚ್ ಕಾಯಬೇಕಿತ್ತು, ಇಲ್ಲವೇ ಬಹಳ ಸುತ್ತಿ ಬರಬೇಕಿತ್ತು. ಹೀಗಾಗಿ ‘ನಗರದಲ್ಲಿದ್ದಿದ್ದರೆ ನಮ್ಮ ಮಗು ಕಲಿಯುತ್ತಿತ್ತು’ ಎಂಬ ಕೊರಗು ಮಲೆನಾಡಿನ ಎಷ್ಟೋ ಮನೆಗಳಲ್ಲಿದೆ. ಆ ಕೊರಗಿನಲ್ಲಿ ಅರ್ಧ ಸತ್ಯವಿದೆ. ಚಿಕಿತ್ಸೆ, ತಪಾಸಣೆ, ಸ್ಪೀಚ್ ಥೆರಪಿಗಳ ಮಟ್ಟಿಗೆ ದೂರವೆಂಬುದು ನಿಜವಾದ ಅನ್ಯಾಯ. ಆದರೆ ದಿನಬಳಕೆಯ ತಿಳಿವಳಿಕೆಯ ಮಟ್ಟಿಗೆ ಮಲೆನಾಡಿನ ಮನೆ, ಅಂಗಳ, ಕೊಟ್ಟಿಗೆ, ತೋಟ ಯಾವ ನಗರದ ಥೆರಪಿ ಕೋಣೆಗೂ ಕಡಿಮೆಯಲ್ಲ, ಬಹಳ ಸಲ ಅದಕ್ಕಿಂತ ಮೇಲು ಎಂಬುದು ನನ್ನ ವಾದ. ತಜ್ಞರು ಬೇಡವೆಂದಲ್ಲ. ತಜ್ಞರು ಮಗುವಿಗೆ ಕಲಿಸುವುದಕ್ಕಿಂತ ಹೆಚ್ಚಾಗಿ, ಕಲಿಸುವ ಬಗೆಯನ್ನು ಮನೆಯವರಿಗೆ ಕಲಿಸಬೇಕು.

ಈ ವಿಷಯದಲ್ಲಿ ಮೊದಲ ಸಾಕ್ಷ್ಯ ಇನ್ನೂರು ವರ್ಷ ಹಳೆಯದು. ಫ್ರಾನ್ಸಿನ ಅವೆರಾನ್ ಪ್ರದೇಶದ ಕಾಡಿನಲ್ಲಿ ಸಿಕ್ಕ, ಮಾತೇ ಬಾರದ ಹುಡುಗನೊಬ್ಬನನ್ನು 1800ರಲ್ಲಿ ಪ್ಯಾರಿಸ್ಸಿಗೆ ಕರೆತಂದರು. ಕಿವುಡ ಮಕ್ಕಳ ಸಂಸ್ಥೆಯ ವೈದ್ಯ ಇಟಾರ್ ಅವನಿಗೆ ವಿಕ್ಟರ್ ಎಂದು ಹೆಸರಿಟ್ಟು ವರ್ಷಗಟ್ಟಲೆ ಕಲಿಸಿದರು. ‘ಪುಸ್ತಕ’ ಎಂಬ ಬರೆದ ಪದವನ್ನು ತೋರಿಸಿದರೆ ವಿಕ್ಟರ್ ಪುಸ್ತಕವನ್ನು ತಂದುಕೊಡುತ್ತಿದ್ದ. ಆದರೆ ಪಾಠಕ್ಕೆ ಬಳಸಿದ್ದ ಆ ಒಂದು ಪುಸ್ತಕವನ್ನು ಮಾತ್ರ; ಬೇರೆ ಪುಸ್ತಕ ಎದುರಿಗೇ ಇದ್ದರೂ ಅದು ಅವನಿಗೆ ಪುಸ್ತಕವಲ್ಲ. ಇಟಾರ್ ಬೇರೆಬೇರೆ ಪುಸ್ತಕಗಳನ್ನು ತೋರಿಸುತ್ತ ಹೋದಾಗ ತೊಡಕು ತಿರುವುಮುರುವಾಯಿತು: ಕಾಗದದ ಕಟ್ಟು, ಪತ್ರಿಕೆ ಎಲ್ಲವೂ ಪುಸ್ತಕವಾದವು. ಒಂದೇ ಉದಾಹರಣೆ ಕೊಟ್ಟರೆ ಮಗು ತೀರ ಕಿರಿದಾಗಿ ಅರ್ಥ ಮಾಡಿಕೊಳ್ಳುತ್ತದೆ, ಯಾವುದು ಅದಲ್ಲ ಎಂದು ತೋರಿಸದಿದ್ದರೆ ತೀರ ಅಗಲವಾಗಿ ಅರ್ಥ ಮಾಡಿಕೊಳ್ಳುತ್ತದೆ. 1806ರ ವರದಿಯಲ್ಲಿ ಇಟಾರ್ ಬರೆದಿಟ್ಟ ಈ ಎರಡು ತೊಡಕುಗಳ ಸುತ್ತಲೇ ಇಂದಿನ ವಿಶೇಷ ಶಿಕ್ಷಣದ ಬಹುಪಾಲು ತಿರುಗುತ್ತಿದೆ. 1977ರಲ್ಲಿ ಸ್ಟೋಕ್ಸ್ ಮತ್ತು ಬೇರ್ ಎಂಬ ಇಬ್ಬರು ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಒಂದು ಕಡೆ ಕಲಿಸಿ, ಇನ್ನೊಂದು ಕಡೆ ತಾನಾಗಿ ಬಂದೀತೆಂದು ಆಶಿಸುತ್ತ ಕೂರುವುದೇ ಎಲ್ಲೆಡೆಯ ರೂಢಿಯಾಗಿದೆ, ಅಷ್ಟು ಸಾಲದು ಎಂದು ತೋರಿಸಿಕೊಟ್ಟರು. ಬೇರೆಬೇರೆ ವಸ್ತು, ಬೇರೆಬೇರೆ ಜನ, ಬೇರೆಬೇರೆ ಜಾಗಗಳಲ್ಲಿ ಕಲಿಸಿದಾಗ ಮಾತ್ರ ಕಲಿಕೆ ಮಗುವಿನ ಜೊತೆ ಊರು ತಿರುಗುತ್ತದೆ. ಒಂದು ಮೇಜು, ಒಬ್ಬ ಶಿಕ್ಷಕ, ಒಂದು ಡಬ್ಬಿ ಆಟಿಕೆ ಇರುವ ಕೋಣೆಯಲ್ಲಿ ಇದನ್ನು ಕಷ್ಟಪಟ್ಟು ಹೊಂದಿಸಬೇಕು. ಮನೆಯಲ್ಲಿ ಇದು ಮೊದಲೇ ಹೊಂದಿಕೊಂಡಿದೆ.

ಏನನ್ನು ಕಲಿಸಬೇಕು ಎಂಬುದಕ್ಕೆ ವಿಸ್ಕಾನ್ಸಿನ್‌ನ ಪ್ರೊಫೆಸರ್ ಲೂ ಬ್ರೌನ್ 1970ರ ದಶಕದಲ್ಲಿ ಕೊಟ್ಟ ಅಳತೆಗೋಲು ನನಗೆ ಎಲ್ಲಕ್ಕಿಂತ ಸರಿ ಕಾಣುತ್ತದೆ. ಈ ಕೆಲಸವನ್ನು ಮಗು ಕಲಿಯದಿದ್ದರೆ ಅದಕ್ಕಾಗಿ ಇನ್ನೊಬ್ಬರು ಇದನ್ನು ಮಾಡಬೇಕಾಗುತ್ತದೆಯೇ? ಹೌದಾದರೆ ಕಲಿಸಿ. ಹಲ್ಲುಜ್ಜುವುದು, ಅಂಗಿಯ ಮುಂದು-ಹಿಂದು ತಿಳಿಯುವುದು, ಬಿಸಿ ಹಂಡೆಯಿಂದ ದೂರ ನಿಲ್ಲುವುದನ್ನು ಕಲಿಯದಿದ್ದರೆ ಬದುಕಿನುದ್ದಕ್ಕೂ ಇನ್ನೊಬ್ಬರು ಮಾಡಬೇಕು. ಬಣ್ಣದ ಮಣಿಯನ್ನು ಹಲಗೆಯ ಗೂಟಕ್ಕೆ ಸಿಕ್ಕಿಸದಿದ್ದರೆ ಯಾರಿಗೂ ಏನೂ ಆಗಬೇಕಿಲ್ಲ. ನಮ್ಮ ದೇಶದಲ್ಲಿಯೂ ಇದೇ ಜಾಡಿನ ಕೆಲಸ ನಡೆದಿದೆ. ಚೆನ್ನೈನಲ್ಲಿ ಜಯಚಂದ್ರನ್ ಮತ್ತು ವಿಮಲಾ ರೂಪಿಸಿದ ‘ಮದ್ರಾಸ್ ಡೆವಲಪ್‌ಮೆಂಟಲ್ ಪ್ರೋಗ್ರಾಮಿಂಗ್ ಸಿಸ್ಟಂ’ ಊಟ, ಉಡುಪು, ಭಾಷೆ, ಹಣ, ಸಮಯ, ಮನೆಗೆಲಸ ಮುಂತಾದ 18 ಕ್ಷೇತ್ರಗಳಲ್ಲಿ 360 ಕೌಶಲಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿದೆ. ಅದು ‘ಈ ಮಗುವಿಗೆ ಏನು ಬರುವುದಿಲ್ಲ’ ಎಂಬಲ್ಲಿಂದ ಆರಂಭಿಸುವುದಿಲ್ಲ. ಏನು ಬರುತ್ತದೆ, ಅದರ ಮುಂದಿನ ಹೆಜ್ಜೆ ಯಾವುದು ಎಂದು ಕೇಳುತ್ತದೆ.

ಇನ್ನು ಹೇಗೆ ಎಂಬುದು. ‘ಒದ್ದೆ’ಯನ್ನೇ ತೆಗೆದುಕೊಳ್ಳೋಣ. ಆಗುಂಬೆ, ಹುಲಿಕಲ್ಲಿನ ಸೀಮೆಯಲ್ಲಿ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯಬಲ್ಲ ನೆಲದಲ್ಲಿ, ಇದಕ್ಕೆ ಪಾಠೋಪಕರಣ ಹುಡುಕಬೇಕಿಲ್ಲ. ಒಂದೇ ಥರದ ಎರಡು ಟವೆಲ್, ಒಂದು ನೆನೆದದ್ದು, ಇನ್ನೊಂದು ಬಚ್ಚಲ ಒಲೆಯ ಮೇಲೆ ಕಾಯಿಸಿ ಒಣಗಿಸಿದ್ದು. ಬಣ್ಣ, ಅಳತೆ ಎಲ್ಲ ಒಂದೇ ಆಗಿದ್ದು ಒದ್ದೆತನವೊಂದೇ ಬೇರೆಯಾಗಿರಬೇಕು. ಆಗ ಮಗುವಿನ ಗಮನ ಹೋಗಬೇಕಾದ ಕಡೆಗೇ ಹೋಗುತ್ತದೆ. ಕೈ ಹಿಡಿದು ಮುಟ್ಟಿಸಿ ‘ಒದ್ದೆ’ ಎನ್ನಬೇಕು, ಇನ್ನೊಂದನ್ನು ಮುಟ್ಟಿಸಿ ‘ಒದ್ದೆ ಅಲ್ಲ’ ಎನ್ನಬೇಕು. ಮೊದಲ ದಿನವೇ ‘ಒಣ’ ಎಂಬ ಇನ್ನೊಂದು ಪದವನ್ನು ತಂದರೆ ಎರಡೂ ಕಲಸಿಹೋಗುವ ಅಪಾಯವಿದೆ. ಏಂಗಲ್ಮನ್ ಮತ್ತು ಕಾರ್ನೈನ್ ಎಂಬ ಬೋಧನಾ ತಜ್ಞರು 1982ರ ತಮ್ಮ ಗ್ರಂಥದಲ್ಲಿ ಈ ಕ್ರಮವನ್ನು ವಿವರವಾಗಿ ಕಟ್ಟಿಕೊಟ್ಟಿದ್ದಾರೆ: ಹೋಲುವ ಜೋಡಿ, ಒಂದೇ ವ್ಯತ್ಯಾಸ, ಒಂದೇ ಪದ, ಹೌದು-ಅಲ್ಲ. ಟವೆಲ್ ಗಟ್ಟಿಯಾದ ಮೇಲೆ ಒದ್ದೆ ಕಂಬಳಿ, ಒದ್ದೆ ಸೌದೆ, ಒದ್ದೆ ಕೂದಲು, ಕೊನೆಗೆ ಹಾವಸೆ ಕಟ್ಟಿದ ಒದ್ದೆ ಮೆಟ್ಟಿಲು. ಮೆಟ್ಟಿಲ ಬಳಿ ಬಂದಾಗ ಆ ಪದಕ್ಕೆ ಜಾರುವ ಭಯವೂ ಸೇರಿಕೊಳ್ಳುತ್ತದೆ, ‘ಮೆಲ್ಲಗೆ’ ಎಂಬ ಇನ್ನೊಂದು ಪದಕ್ಕೆ ಜಾಗವಾಗುತ್ತದೆ. ಒಳಗೆ-ಹೊರಗೆ ಕಲಿಸಲು ಡಬ್ಬಿಯೊಳಗೆ ಚೆಂಡು ಹಾಕುವುದರ ಜೊತೆಗೆ ದಣಪೆ ಇದೆ. ದಣಪೆಯ ಒಳಗೆ ಒಬ್ಬನೇ ಆಡಬಹುದು, ಹೊರಗೆ ಹೋಗಬೇಕಾದರೆ ದೊಡ್ಡವರ ಕೈ ಹಿಡಿಯಬೇಕು ಎಂಬ ನಿಯಮ ಬಂದರೆ ‘ಹೊರಗೆ’ ಎಂಬುದು ಜೀವ ಕಾಯುವ ತಿಳಿವಳಿಕೆಯಾಗುತ್ತದೆ. ಹಳ್ಳ, ಕಾಲುಸಂಕ, ತೆರೆದ ಬಾವಿಗಳ ನಾಡಿನಲ್ಲಿ ಇದಕ್ಕೆ ಎಲ್ಲಕ್ಕಿಂತ ಮೊದಲ ಸ್ಥಾನ ಸಿಗಬೇಕು.

ದೊಡ್ಡದು-ಚಿಕ್ಕದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒದ್ದೆ ಟವೆಲ್ ಯಾವುದರ ಪಕ್ಕ ಇಟ್ಟರೂ ಒದ್ದೆಯೇ. ಆದರೆ ದೊಡ್ಡದು ತನ್ನಷ್ಟಕ್ಕೇ ದೊಡ್ಡದಲ್ಲ, ಪಕ್ಕದಲ್ಲಿರುವುದನ್ನು ನೋಡಿ ದೊಡ್ಡದು. ಚಾರ್ಟು ಸೋಲುವುದು ಇಲ್ಲಿಯೇ. ಅಡಿಕೆಯ ರಾಶಿಯ ಮುಂದೆ ಕೂತ ಮಗು ಇದನ್ನು ಕೈಯಿಂದ ಕಲಿಯಬಲ್ಲದು. ಒಂದು ಹಿಡಿಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿದ್ದ ಅಡಿಕೆ ಮುಂದಿನ ಹಿಡಿಯಲ್ಲಿ ಸಣ್ಣದಾಗುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರ್ಪಡಿಸುವ ಹಿರಿಯರ ಕಣ್ಣಿಗೆ ಕಾಣುವುದೂ ಬಣ್ಣ, ಆಕಾರ, ಗಡಸುತನಗಳ ನಡುವಿನ ವ್ಯತ್ಯಾಸವೇ. ಮಗು ಮಾರುಕಟ್ಟೆಯ ದರ್ಜೆಗಳನ್ನು ಕಲಿಯಬೇಕಿಲ್ಲ. ಎರಡು ಬುಟ್ಟಿಗೆ ಬೇರ್ಪಡಿಸಿದರೆ ಸಾಕು: ಇದರಂತೆಯೇ ಇರುವುದು ಇಲ್ಲಿ, ಬೇರೆ ಥರದ್ದು ಅಲ್ಲಿ. ‘ಒಂದೇ ಥರ’ ಮತ್ತು ‘ಬೇರೆ’ ಎಂಬ ಈ ಜೋಡಿ ಬರುವವರೆಗೆ ಅಕ್ಷರವೂ ಬಾರದು, ಅಂಕಿಯೂ ಬಾರದು. ‘ಪ’ ಮತ್ತು ‘ಷ’ಗಳ ನಡುವೆ ಇರುವುದು ಒಂದು ಗೆರೆಯ ವ್ಯತ್ಯಾಸ.

ಎಲ್ಲಕ್ಕಿಂತ ಕಷ್ಟವಾದದ್ದು ಕಾಲ. ನಿನ್ನೆಯನ್ನು ಮುಟ್ಟಲಾಗುವುದಿಲ್ಲ, ನಾಳೆಯನ್ನು ತೋರಿಸಲಾಗುವುದಿಲ್ಲ. ‘ಆಮೇಲೆ ಕೊಡ್ತೀನಿ’ ಎಂದರೆ ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಕೇಳಿಸುವುದು ‘ಕೊಡುವುದಿಲ್ಲ’ ಎಂದು. ಅಲ್ಲಿಂದ ಶುರುವಾದ ಅಳು, ಹೊಡೆದಾಟವನ್ನು ಜನ ಹಟವೆಂದು ಕರೆಯುತ್ತಾರೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 1972ರಲ್ಲಿ ಎರಿಕ್ ಶಾಪ್ಲರ್ ನೇತೃತ್ವದಲ್ಲಿ ರಾಜ್ಯಾದ್ಯಂತ ಶುರುವಾದ ‘ಟೀಚ್’ ಕಾರ್ಯಕ್ರಮ ಇದಕ್ಕೆ ಕಂಡುಕೊಂಡ ಉಪಾಯ ದಿನಚರಿಯನ್ನು ಕಣ್ಣಿಗೆ ಕಾಣುವಂತೆ ಮಾಡುವುದು: ದಿನದ ಕೆಲಸಗಳನ್ನು ಚಿತ್ರಗಳಾಗಿ ಸಾಲಾಗಿ ಇಟ್ಟು, ಒಂದೊಂದು ಮುಗಿದಂತೆ ಒಂದೊಂದನ್ನು ತೆಗೆಯುವುದು. ನಮ್ಮಲ್ಲಿ ಚಿತ್ರಕ್ಕಿಂತ ವಸ್ತುವೇ ಮೇಲು ಎನಿಸುತ್ತದೆ. ಒಂದು ಹಾಳೆಯ ತಟ್ಟೆಯಲ್ಲಿ ತಂಬಿಗೆ, ತಿಂಡಿಯ ಚಮಚ, ಡೇರಿಗೆ ಒಯ್ಯುವ ಹಾಲಿನ ಕ್ಯಾನಿನ ಮುಚ್ಚಳ, ಶಾಲೆಯ ಚೀಲದ ಪಟ್ಟಿ. ಸ್ನಾನವಾದ ಮೇಲೆ ತಂಬಿಗೆ ಹೋಯಿತು; ಮುಂದೇನು ಎಂದು ಮಗು ತಾನೇ ನೋಡಬಹುದು. ‘ಮೊದಲು’, ‘ಆಮೇಲೆ’ ಎಂಬ ಎರಡು ಪದಗಳು ಹೀಗೆ ಗಟ್ಟಿಯಾದ ಮೇಲೆಯೇ ‘ನಾಳೆ’ಗೆ ಹೋಗಬೇಕು. ವಾರದ ದಿನಗಳ ಹೆಸರನ್ನು ಬಾಯಿಪಾಠ ಮಾಡಿಸುವುದು ಇದಕ್ಕೆ ಸಮನಲ್ಲ.

ಹಣದ ವಿಷಯದಲ್ಲಿ ಹೊಸ ತೊಡಕೊಂದು ಬಂದಿದೆ. ಹತ್ತರ ನೋಟು ಕಂದು, ಐವತ್ತರದ್ದು ನೀಲಿ, ನೂರರದ್ದು ನಸುನೇರಳೆ. ಬಣ್ಣದಿಂದ ನೋಟು ಗುರುತಿಸುವುದು ಈ ಮಕ್ಕಳಿಗೆ ಸುಲಭದ ದಾರಿಯಾಗಿತ್ತು. ಈಗ ಹಳ್ಳಿಯ ಗೂಡಂಗಡಿಯಲ್ಲಿಯೂ ಫೋನ್ ತೋರಿಸಿ ಸಾಮಾನು ತರುತ್ತಾರೆ. ಕೊಟ್ಟದ್ದು, ಪಡೆದದ್ದು, ಉಳಿದದ್ದು ಯಾವುದೂ ಮಗುವಿನ ಕಣ್ಣಿಗೆ ಬೀಳುವುದಿಲ್ಲ. ಇಂಥ ಮಗುವಿರುವ ಮನೆಯವರು ಬೇಕೆಂದೇ ನೋಟು, ನಾಣ್ಯ ಬಳಸಬೇಕು.

ಮಾತು ಬಾರದ ಮಗುವಿಗೆ ಚಿತ್ರ, ಸನ್ನೆ ಕಲಿಸಲು ಹೇಳಿದರೆ ಮನೆಯವರಿಂದ ಬರುವ ಮೊದಲ ಆಕ್ಷೇಪ, ‘ಅದೇ ಅಭ್ಯಾಸವಾಗಿಬಿಟ್ಟರೆ ಮಾತೇ ಬಾರದು’ ಎಂದು. ಭಯ ಸಹಜ. ಆದರೆ ಪುರಾವೆ ಅದಕ್ಕೆ ವಿರುದ್ಧವಾಗಿದೆ. ಮಿಲ್ಲರ್, ಲೈಟ್, ಷ್ಲಾಸರ್ 2006ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ನಂಬಲರ್ಹ ದಾಖಲೆಯಿದ್ದ 27 ಜನರ ಪೈಕಿ ಶೇಕಡಾ 89ರಷ್ಟು ಮಂದಿಯ ಮಾತು ಹೆಚ್ಚಿತ್ತು, ಉಳಿದವರದ್ದು ಇದ್ದಂತೆಯೇ ಇತ್ತು. ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. ಹೆಚ್ಚಳ ಬಹಳ ದೊಡ್ಡದಲ್ಲ ಎಂಬುದನ್ನೂ ಹೇಳಬೇಕು. ಆದರೆ ತನಗೆ ಬೇಕಾದದ್ದನ್ನು ಹೇಳಲು ಒಂದು ದಾರಿ ಸಿಕ್ಕ ಮಗುವಿಗೆ ಕಿರುಚುವ ಅಗತ್ಯ ಕಡಿಮೆಯಾಗುತ್ತದೆ, ಕಲಿಯಲು ಮನಸ್ಸು ಬಿಡುವಾಗುತ್ತದೆ. ‘ಬೇಕು’, ‘ಸಾಕು’, ‘ಬೇಡ’ ಈ ಮೂರಕ್ಕೆ ಸನ್ನೆಯನ್ನಾದರೂ ಚಿತ್ರವನ್ನಾದರೂ ಮೊದಲು ಕೊಡಬೇಕು. ‘ಬೇಡ’ ಎನ್ನಲು ಬಾರದ ಮಗು ಎಲ್ಲ ಮಕ್ಕಳಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ. ಮೈಯ ಯಾವ ಭಾಗವನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು, ಬಾಗಿಲು ಹಾಕಿ ಮಾಡಬೇಕಾದ ಕೆಲಸ ಯಾವುದು ಎಂಬುದೂ ದಿನಬಳಕೆಯ ತಿಳಿವಳಿಕೆಯೇ. ‘ಇದಕ್ಕೆ ಏನು ತಿಳಿಯುತ್ತೆ’ ಎಂದು ಇದನ್ನು ಬಿಟ್ಟುಬಿಡುವುದು ಮಗುವನ್ನು ಕೆಟ್ಟವರ ಕೈಗೆ ಒಪ್ಪಿಸಿದಂತೆ.

ಭಾಷೆಯ ಬಗ್ಗೆಯೂ ಒಂದು ತಪ್ಪು ಸಲಹೆ ಚಾಲ್ತಿಯಲ್ಲಿದೆ. ಈ ಮೂರು ತಾಲ್ಲೂಕುಗಳ ಮನೆಗಳಲ್ಲಿ ಹವ್ಯಕರ ಕನ್ನಡ, ದೀವರ ಕನ್ನಡ, ಕೊಂಕಣಿ, ತುಳು, ಉರ್ದು ಎಲ್ಲವೂ ಇವೆ. ಮಗುವಿಗೆ ಗೊಂದಲವಾಗುತ್ತದೆಂದು ಮನೆಮಾತು ಬಿಟ್ಟು ಪುಸ್ತಕದ ಕನ್ನಡವನ್ನೋ ಇಂಗ್ಲಿಷನ್ನೋ ಮಾತ್ರ ಆಡುವಂತೆ ಕೆಲವರು ಹೇಳುತ್ತಾರೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಕೆನಡಾದ ಕೇ-ರೇನಿಂಗ್ ಬರ್ಡ್ ಮತ್ತು ಸಂಗಡಿಗರು 2005ರಲ್ಲಿ ಅಧ್ಯಯನ ಮಾಡಿದಾಗ ಎರಡು ಭಾಷೆಯ ಮನೆಯ ಮಕ್ಕಳು ಒಂದೇ ಭಾಷೆಯವರಿಗಿಂತ ಹಿಂದೆ ಬಿದ್ದಿರಲಿಲ್ಲ. ಅಜ್ಜಿ ಆಡದ ಭಾಷೆಯಲ್ಲಿ ‘ಒದ್ದೆ’ ಕಲಿತ ಮಗುವಿಗೆ ಆ ಪದ ದಿನಕ್ಕೆ ಎಷ್ಟು ಸಲ ಕಿವಿಗೆ ಬಿದ್ದೀತು? ಮನೆಯವರೆಲ್ಲ ಒಂದು ವಸ್ತುವಿಗೆ ಒಂದೇ ಪದ ಬಳಸಲಿ, ಅದು ಮನೆಯದೇ ಪದವಾಗಿರಲಿ. ಶಾಲೆಯ ಶಿಕ್ಷಕರು ಆ ಪದಗಳ ಪಟ್ಟಿಯನ್ನು ಕೇಳಿ ತಿಳಿದುಕೊಳ್ಳಲಿ.

‘ಕೊನೆಕೊಯ್ಲಿನ ಕಾಲದಲ್ಲಿ ಊಟಕ್ಕೇ ಸಮಯವಿಲ್ಲ, ಇದಕ್ಕೆಲ್ಲ ಎಲ್ಲಿಂದ ತರೋಣ?’ ಎಂಬುದು ನ್ಯಾಯವಾದ ಪ್ರಶ್ನೆ. ಮೇಲೆ ಹೇಳಿದ್ದು ಯಾವುದಕ್ಕೂ ಬೇರೆ ಗಂಟೆ ಬೇಕಿಲ್ಲ, ನಡೆಯುವ ಕೆಲಸದೊಳಗೇ ನಡೆಯುತ್ತದೆ ಎಂದು ಹೇಳಿಬಿಡುವುದು ಸುಲಭ. ಆದರೆ ಮಗುವನ್ನು ಸೇರಿಸಿಕೊಂಡ ಕೆಲಸ ನಿಧಾನವಾಗುತ್ತದೆ, ಆ ನಿಧಾನದ ಭಾರ ಹೆಚ್ಚಿನ ಮನೆಗಳಲ್ಲಿ ತಾಯಿಯೊಬ್ಬಳ ಮೇಲೆ ಬೀಳುತ್ತದೆ. ಹಂಚಿಕೊಳ್ಳದೆ ಇದು ಸಾಗದು. ಸ್ನಾನದ ಹೊತ್ತಿನ ಪದಗಳು ಅಪ್ಪನ ಪಾಲಿಗೆ, ಜಗಲಿಯಲ್ಲಿ ಬೇರ್ಪಡಿಸುವ ಕೆಲಸ ಅಜ್ಜನ ಪಾಲಿಗೆ, ಅಂಗಡಿ ಅಕ್ಕನ ಪಾಲಿಗೆ. ಬೇರೆಬೇರೆ ಜನ ಕಲಿಸಿದರೆ ಕಲಿಕೆ ಗಟ್ಟಿಯಾಗುತ್ತದೆ ಎಂಬುದಕ್ಕೆ ಆಧಾರವೂ ಇದೆಯಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ತೀಕ್ಷ್ಣವಾದದ್ದು: ಅಡಿಕೆ, ಬುಟ್ಟಿ, ಹಂಡೆ ಎನ್ನುತ್ತ ಈ ಮಗುವನ್ನು ಓದಿನಿಂದ ದೂರವಿಟ್ಟು ಮನೆಗೆಲಸಕ್ಕೆ ಕಟ್ಟಿಹಾಕುವುದಿಲ್ಲವೇ? ಹಾಗೆ ಆಗಬಾರದು. ಬೇರ್ಪಡಿಸುವುದು ಹತ್ತು ನಿಮಿಷದ ಪಾಠ, ಸಂಜೆಯವರೆಗಿನ ದುಡಿಮೆಯಲ್ಲ. ಮೆಟ್ಟುಗತ್ತಿಯ ಹತ್ತಿರ ಮಗು ಸುಳಿಯಲೂಬಾರದು. ಶಾಲೆಗೆ ಹೋಗುವುದು ಅದರ ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಶೇಕಡಾ 40 ಅಥವಾ ಹೆಚ್ಚಿನ ಅಸಾಮರ್ಥ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಕೊಡಬೇಕೆಂದು ಹೇಳುತ್ತದೆ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗಿನಿಂದಲೂ, ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ ಎಂಬ ತತ್ತ್ವದ ಮೇಲೆ ನಿಂತಿದೆ. ನಿಧಾನವಾಗಿ ಕಲಿಯುವ ಮಗುವಿಗೆ ಇದಕ್ಕಿಂತ ಹೊಂದುವ ತತ್ತ್ವ ಬೇರೊಂದಿಲ್ಲ.

ತಜ್ಞರಲ್ಲದವರು ಕಲಿಸಬಲ್ಲರೇ ಎಂಬ ಸಂಶಯಕ್ಕೆ ಉತ್ತರ ಪಕ್ಕದ ಗೋವಾದಲ್ಲಿ ಸಿಕ್ಕಿದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು, ತಾಯಿ-ತಂದೆ ಮಗುವಿನೊಡನೆ ಆಡುವುದನ್ನು ವಿಡಿಯೊ ಮಾಡಿ, ಜೊತೆಯಲ್ಲಿ ಕೂತು ನೋಡಿ, ಎಲ್ಲಿ ಕಾಯಬೇಕಿತ್ತು, ಎಲ್ಲಿ ಮಗುವಿನ ಗಮನವನ್ನು ಹಿಂಬಾಲಿಸಬೇಕಿತ್ತು ಎಂದು ಚರ್ಚಿಸಿದರು. ತಾಯಿ-ತಂದೆಯ ಸ್ಪಂದನೆ ಸುಧಾರಿಸಿತು, ಮಗು ತಾನಾಗಿ ಸಂವಹನಕ್ಕೆ ಮುಂದಾಗುವುದೂ ಹೆಚ್ಚಿತು. ಇಬ್ಬರೂ ಒಂದೇ ಕಡೆ ಗಮನವಿಡುವ ಅವಧಿ ಮಾತ್ರ ಹೆಚ್ಚಲಿಲ್ಲ, ಕಡಿಮೆಯಾಯಿತು. ಎಲ್ಲವೂ ಗೆದ್ದಿತೆಂದು ಹೇಳುವಂತಿಲ್ಲ. ಆದರೂ ದೊಡ್ಡ ಡಿಗ್ರಿಯಿಲ್ಲದ ಕಾರ್ಯಕರ್ತರು ಇಷ್ಟನ್ನು ಸಾಧಿಸಿದರೆಂದರೆ ನಮ್ಮ ಅಂಗನವಾಡಿ ಕಾರ್ಯಕರ್ತೆ, ಆಶಾ, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೂ ಅದು ಸಾಧ್ಯ. ಅವರಿಗೆ ತರಬೇತಿ ಕೊಡಬಲ್ಲವರೂ ದೂರವಿಲ್ಲ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ತನ್ನ ವಿಸ್ತರಣಾ ಸೇವಾ ಕೇಂದ್ರವೊಂದನ್ನು ಸಾಗರದಲ್ಲಿಯೇ ನಡೆಸುತ್ತ ಬಂದಿದೆ. ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಸಂಪನ್ಮೂಲ ಶಿಕ್ಷಕರ ಹುದ್ದೆಗಳಿವೆ. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಅವಕಾಶವಿದೆ. ಆದರೆ ಕೈಬೆರಳೆಣಿಕೆಯ ಶಿಕ್ಷಕರು ಇಡೀ ತಾಲ್ಲೂಕಿನ ಗುಡ್ಡ-ಕಣಿವೆಗಳನ್ನು ಸುತ್ತಿ ಮುಗಿಸಲಾರರು. ಪ್ರಾಥಮಿಕ ಶಾಲೆಗಳಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿದೆ. ಆ ಲೆಕ್ಕ ತನ್ನ ತಾಲ್ಲೂಕಿನಲ್ಲಿ ಎಲ್ಲಿಗೆ ಬಂದಿದೆ ಎಂದು ಪ್ರತಿ ಶಾಲಾಭಿವೃದ್ಧಿ ಸಮಿತಿಯೂ ಕೇಳಬೇಕು. ಮನೆಯೇ ಒಳ್ಳೆಯ ತರಗತಿ ಎಂಬ ಮಾತು ಸರ್ಕಾರ ಕೈತೊಳೆದುಕೊಳ್ಳಲು ನೆಪವಾಗಕೂಡದು.

ಊರಿನವರಿಗೂ ಇಲ್ಲಿ ಕೆಲಸವಿದೆ. ಅಮೆರಿಕದ ವಸತಿ ಸಂಸ್ಥೆಯೊಂದರಲ್ಲಿ ಹಾಲ್, ಮಾರ್ಷಲ್, ಸ್ಪ್ರಾಡ್ಲಿನ್ 1979ರಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ತೀವ್ರ ಬೌದ್ಧಿಕ ಅಸಾಮರ್ಥ್ಯವಿದ್ದ ಆರು ಮಕ್ಕಳಿಗೆ ಊಟದ ತಟ್ಟೆಯನ್ನು ತಕ್ಷಣ ಕೊಡದೆ, ಕಣ್ಣಲ್ಲಿ ಕಣ್ಣಿಟ್ಟು 15 ಸೆಕೆಂಡ್ ಕಾದರು. ಕೆಲವರಿಗೆ ಅಷ್ಟೇ ಸಾಕಾಯಿತು, ಬಾಯಿಬಿಟ್ಟು ಕೇಳಿದರು. ಉಳಿದವರು ಹೇಳಿಕೊಟ್ಟ ಮೇಲೆ ಕೇಳಿದರು. ಬೇರೆ ಹೊತ್ತಿನ ಊಟದಲ್ಲಿ, ಬೇರೆಯವರು ಬಡಿಸುವಾಗಲೂ ಕೇಳುವುದು ಮುಂದುವರಿಯಿತು. ನಮ್ಮ ಮಕ್ಕಳಿಗೆ ಸಿಗದಿರುವುದು ಈ ಹದಿನೈದು ಸೆಕೆಂಡ್. ಪ್ರೀತಿಯಿಂದಲೇ ನಾವು ಅವರ ಬದಲು ಮಾತಾಡಿ ಮುಗಿಸುತ್ತೇವೆ. ಸಾಗರದ, ಹೊಸನಗರದ, ತೀರ್ಥಹಳ್ಳಿಯ ಅಂಗಡಿಯವರೇ, ಬಸ್ಸಿನ ಕಂಡಕ್ಟರುಗಳೇ, ನೆರೆಮನೆಯವರೇ, ಹತ್ತರ ನೋಟು ಹಿಡಿದು ಅಂಥ ಮಗುವೊಂದು ನಿಮ್ಮ ಮುಂದೆ ಬಂದು ನಿಂತರೆ ಜೊತೆಯಲ್ಲಿ ಬಂದ ದೊಡ್ಡವರನ್ನು ಕೇಳಬೇಡಿ. ಮಗುವನ್ನೇ ಕೇಳಿ, ಉತ್ತರ ಬರುವವರೆಗೆ ಕಾಯಿರಿ.